ಕಾಣುವುದು, ಕಾಣದಿರುವುದು: ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯ ಚಿತ್ರಣ ವಿಧಾನಗಳು ಮತ್ತು ಬಸವಕಲ್ಯಾಣ-ಹುಮನಾಬಾದ್ ಪರಿಸರ

ಪೀಠಿಕೆ

ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ಪರಿಸರವು ವೈದ್ಯಜ್ಞಾನದ ದೃಷ್ಟಿಯಿಂದ ಹಳೆಯ ನೆಲವಾಗಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ರೋಗ ಮತ್ತು ಔಷಧಗಳ ವಿಚಾರ ಬರುತ್ತದೆ. ಅದೇ ಮನೆತನದ ಕೀರ್ತಿವರ್ಮನು ದನಕರುಗಳ ರೋಗ ಮತ್ತು ಚಿಕಿತ್ಸೆಯನ್ನು ಕುರಿತು ‘ಗೋವೈದ್ಯ’ವನ್ನು ಕನ್ನಡದಲ್ಲಿಯೇ ರಚಿಸಿದನು. 12ನೆಯ ಶತಮಾನದ ಶರಣರಲ್ಲಿ ಒಬ್ಬನಾದ ವೈದ್ಯ ಸಂಗಣ್ಣನು ತನ್ನ ವೃತ್ತಿಯ ಪರಿಭಾಷೆಯನ್ನು ವಚನಗಳಿಗೆ ತಂದನು. ರೋಗದ ವಿಚಾರವನ್ನು ಜನರ ಮಾತಿನಲ್ಲಿ ಹೇಳಬೇಕೆಂಬ ಪರಂಪರೆಗೆ ಈ ಭಾಗದಲ್ಲಿ ಸುಮಾರು ಒಂಬೈನೂರು ವರ್ಷಗಳ ಇತಿಹಾಸವಿದೆ.

ಇಂದು ಇದೇ ಪರಿಸರದಲ್ಲಿ ರೋಗನಿರ್ಣಯಕ್ಕೆ ಸಂಬಂಧಿಸಿದಂತೆ ಅತಿ ಹೆಚ್ಚು ಬಳಕೆಯಲ್ಲಿರುವ ಪದಗಳಲ್ಲಿ ‘ಸ್ಕ್ಯಾನಿಂಗ್’ ಒಂದು. ಕನ್ನಡ, ಮರಾಠಿ, ದಖನಿ ಉರ್ದು, ತೆಲುಗು ಈ ನಾಲ್ಕೂ ಭಾಷೆಗಳನ್ನಾಡುವವರು ಇದನ್ನು ಸಮಾನವಾಗಿ ಬಳಸುತ್ತಾರೆ. ಆದರೆ ಈ ಒಂದು ಪದದ ಅಡಿಯಲ್ಲಿ ಪರಸ್ಪರ ಸಂಬಂಧವಿಲ್ಲದ ಐದಾರು ವಿಧಾನಗಳು ಸೇರಿಕೊಂಡಿವೆ. ಇಳಿವಯಸ್ಸಿನ ಗಂಡಸರನ್ನು ಬಾಧಿಸುವ ಪ್ರಾಸ್ಟೇಟ್ ಕ್ಯಾನ್ಸರಿನ ವಿಷಯದಲ್ಲಿ ಈ ಗೊಂದಲವು ಕೇವಲ ಭಾಷಿಕವಾಗಿ ಉಳಿಯದೆ ಪ್ರಾಣಕ್ಕೆ ಸಂಬಂಧಿಸಿದ್ದಾಗುತ್ತದೆ. ‘ಸ್ಕ್ಯಾನಿಂಗದಾಗ ಏನೂ ಇಲ್ಲ’ ಎಂಬ ಮಾತಿನ ಅರ್ಥವು ಯಾವ ಸ್ಕ್ಯಾನಿಂಗ್ ಎಂಬುದನ್ನು ಅವಲಂಬಿಸಿರುತ್ತದೆ. ಪ್ರತಿಯೊಂದು ವಿಧಾನವೂ ಏನನ್ನು ಕಾಣುತ್ತದೆ, ಏನನ್ನು ಕಾಣಲಾರದು ಎಂಬುದನ್ನು ತುಲನಾತ್ಮಕವಾಗಿ ವಿವರಿಸುವುದು ಮತ್ತು ಅದನ್ನು ಈ ಎರಡು ಊರುಗಳ ಸನ್ನಿವೇಶದಲ್ಲಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

‘ನೋಡು’ ಎಂಬ ಕ್ರಿಯಾಪದ

ಜನಪದರ ಮಾತಿನಲ್ಲಿ ರೋಗನಿರ್ಣಯವೆಂದರೆ ನೋಡುವುದು. ನಾಡಿ ನೋಡುವುದು, ಕೈ ನೋಡುವುದು, ಶಕುನ ನೋಡುವುದು, ಅಂಜನ ಹಾಕಿ ನೋಡುವುದು ಇವೆಲ್ಲ ಒಂದೇ ಕ್ರಿಯಾಪದವನ್ನು ಹಂಚಿಕೊಂಡಿವೆ. ಇವುಗಳಲ್ಲಿ ಅಂಜನದ ಕಲ್ಪನೆ ವಿಶಿಷ್ಟವಾದುದು. ವೀಳ್ಯದೆಲೆಯ ಮೇಲೆ ಅಥವಾ ಅಂಗೈಯಲ್ಲಿ ಸವರಿದ ಕಪ್ಪಿನಲ್ಲಿ ಕಳೆದ ಒಡವೆ, ಹೂತಿಟ್ಟ ನಿಧಿ, ಓಡಿಹೋದ ದನ ಎಲ್ಲವೂ ಕಾಣುತ್ತವೆ ಎಂಬುದು ನಂಬಿಕೆ. ಮರೆಯಾದುದೆಲ್ಲವನ್ನೂ ಒಂದೇ ನೋಟದಲ್ಲಿ ತೋರಿಸುವ ಸಾಧನವದು.

ಆಸ್ಪತ್ರೆಯ ಯಂತ್ರದ ಬಗೆಗೂ ಜನಸಾಮಾನ್ಯರ ನಿರೀಕ್ಷೆ ಇದೇ ಬಗೆಯದಾಗಿರುತ್ತದೆ. ಒಮ್ಮೆ ಯಂತ್ರದ ಕೆಳಗೆ ಮಲಗಿ ಎದ್ದರೆ ದೇಹದೊಳಗಿನದೆಲ್ಲ ಕಂಡಂತೆ ಎಂದು ಭಾವಿಸಲಾಗುತ್ತದೆ. ಆದರೆ ವೈದ್ಯಕೀಯ ಚಿತ್ರಣದ ಯಾವ ಯಂತ್ರವೂ ಅಂಜನವಲ್ಲ. ಒಂದು ಯಂತ್ರ ಮರುದನಿಯನ್ನು ಅಳೆಯುತ್ತದೆ, ಇನ್ನೊಂದು ಸಾಂದ್ರತೆಯನ್ನು, ಮತ್ತೊಂದು ನೀರಿನ ಚಲನೆಯನ್ನು, ಮಗದೊಂದು ಜೀವಕೋಶದ ಮೇಲಿನ ಒಂದು ಪ್ರೋಟೀನನ್ನು. ತಾನು ಅಳೆಯುವ ಗುಣದಲ್ಲಿ ವ್ಯತ್ಯಾಸವಿದ್ದರೆ ಮಾತ್ರ ಯಂತ್ರಕ್ಕೆ ರೋಗ ಕಾಣುತ್ತದೆ. ಇಲ್ಲದಿದ್ದರೆ ರೋಗ ಅಲ್ಲಿಯೇ ಇದ್ದರೂ ಕಾಣುವುದಿಲ್ಲ.

ಗ್ರಂಥಿಯ ಸ್ವರೂಪ

ಪ್ರಾಸ್ಟೇಟ್ ಗ್ರಂಥಿಯು ಗಂಡಸರಲ್ಲಿ ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ, ಮೂತ್ರನಾಳವನ್ನು ಸುತ್ತುವರಿದು ಕುಳಿತಿರುತ್ತದೆ. ಯೌವನದಲ್ಲಿ ಅದರ ತೂಕ ಸುಮಾರು 20 ಗ್ರಾಂ, ಗಾತ್ರ ಒಂದು ಅಕ್ರೋಟದಷ್ಟು. ವಯಸ್ಸಾದಂತೆ ಮೂತ್ರನಾಳದ ಸುತ್ತಲಿನ ಒಳಭಾಗ ಬೆಳೆಯತೊಡಗುತ್ತದೆ. ಮೂತ್ರದ ಧಾರೆ ಸಣ್ಣದಾಗುವುದು, ತಡವರಿಸುವುದು, ರಾತ್ರಿ ಹಲವು ಬಾರಿ ಏಳಬೇಕಾಗುವುದು ಇದರ ಲಕ್ಷಣಗಳು. ಇದು ಕ್ಯಾನ್ಸರ್ ಅಲ್ಲದ, ವಯೋಸಹಜವಾದ ಊತ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಮೂತ್ರಾಘಾತದ ಪ್ರಭೇದವಾಗಿ ಬರುವ ‘ವಾತಾಷ್ಠೀಲಾ’ ಎಂಬ ಕಲ್ಲಿನಂತಹ ಗಂಟನ್ನು ಇಂದಿನ ಆಯುರ್ವೇದ ವಿದ್ವಾಂಸರು ಸಾಮಾನ್ಯವಾಗಿ ಈ ಊತದೊಂದಿಗೆ ಸಮೀಕರಿಸುತ್ತಾರೆ.

ಕ್ಯಾನ್ಸರಿನ ನೆಲೆ ಬೇರೆ. ಸುಮಾರು ನೂರಕ್ಕೆ 70ರಷ್ಟು ಪ್ರಾಸ್ಟೇಟ್ ಕ್ಯಾನ್ಸರುಗಳು ಗ್ರಂಥಿಯ ಹಿಂಬದಿಯ ಹೊರವಲಯದಲ್ಲಿ ಹುಟ್ಟುತ್ತವೆ. ಮೂತ್ರನಾಳದಿಂದ ದೂರವಿರುವುದರಿಂದ ಅವು ಆರಂಭದಲ್ಲಿ ಮೂತ್ರಕ್ಕೆ ಅಡ್ಡಿಮಾಡುವುದಿಲ್ಲ. ಆದ್ದರಿಂದ ತೊಂದರೆ ಕೊಡುವ ಊತವು ಹಲವು ಬಾರಿ ಕ್ಯಾನ್ಸರ್ ಆಗಿರುವುದಿಲ್ಲ. ಕ್ಯಾನ್ಸರ್ ಹಲವು ಬಾರಿ ತೊಂದರೆ ಕೊಡುವುದಿಲ್ಲ. ಎರಡೂ ಒಂದೇ ಗ್ರಂಥಿಯಲ್ಲಿ ಏಕಕಾಲಕ್ಕೆ ಇರಬಹುದು.

ಈ ಭಾಗದ ಹಿರಿಯರು ಮೂತ್ರದ ತೊಂದರೆಯನ್ನು ನೇರವಾಗಿ ಹೇಳುವುದು ಅಪರೂಪ. ಏಕಿ, ಕಾಲ್ಮಡಿ, ಒಂದಕ್ಕೆ ಹೋಗುವುದು ಮೊದಲಾದ ಮರೆಮಾತುಗಳಲ್ಲಿ ಅದು ಹೊರಬರುತ್ತದೆ. ರಾತ್ರಿ ಏಳುವುದನ್ನು ವಯಸ್ಸಿನ ಸಹಜಧರ್ಮವೆಂದು, ಮುಂದೆ ಕಾಣಿಸುವ ಸೊಂಟನೋವನ್ನು ವಾಯುವಿನ ಬಾಧೆಯೆಂದು ತಿಳಿಯುವ ರೂಢಿಯಿದೆ. ಆದರೆ ಪ್ರಾಸ್ಟೇಟ್ ಕ್ಯಾನ್ಸರ್ ಹರಡುವಾಗ ಮೊದಲು ಆಯ್ದುಕೊಳ್ಳುವ ತಾಣಗಳಲ್ಲಿ ಬೆನ್ನುಮೂಳೆ ಮತ್ತು ಸೊಂಟದ ಮೂಳೆಗಳು ಮುಖ್ಯವಾದವು. ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುತ್ತ ಕಳೆದ ತಿಂಗಳುಗಳು ರೋಗ ಬಲಿತ ತಿಂಗಳುಗಳೂ ಆಗಿರಬಹುದು.

ಚಿತ್ರಣಕ್ಕೆ ಮುನ್ನ

ಚಿತ್ರಣದ ಮೊದಲು ಎರಡು ಸರಳ ಪರೀಕ್ಷೆಗಳಿವೆ. ಮೊದಲನೆಯದು, ವೈದ್ಯರು ಕೈಗವಸು ತೊಟ್ಟು ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿಯನ್ನು ಮುಟ್ಟಿನೋಡುವುದು. ಹೊರವಲಯದ ಗಟ್ಟಿಯಾದ ಗಂಟು ಬೆರಳಿಗೆ ಸಿಗಬಹುದು. ಸಣ್ಣ ಗಂಟು ಸಿಗದಿರಬಹುದು. ಎರಡನೆಯದು ರಕ್ತದಲ್ಲಿ ಪಿ.ಎಸ್.ಎ. ಎಂಬ ಪ್ರೋಟೀನಿನ ಪ್ರಮಾಣವನ್ನು ಅಳೆಯುವುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 1986ರಲ್ಲಿ ಈ ಪರೀಕ್ಷೆಯನ್ನು ಈಗಾಗಲೇ ಕ್ಯಾನ್ಸರ್ ಇರುವವರ ಮೇಲ್ವಿಚಾರಣೆಗೂ, 1994ರಲ್ಲಿ ರೋಗಪತ್ತೆಗೆ ನೆರವಾಗಿಯೂ ಅಂಗೀಕರಿಸಿತು. ಮಿಲಿಲೀಟರಿಗೆ 4 ನ್ಯಾನೋಗ್ರಾಂ ಎಂಬುದು ಬಹುಕಾಲ ಬಳಕೆಯಲ್ಲಿರುವ ಗಡಿ. ಆದರೆ ವಯೋಸಹಜ ಊತದಲ್ಲಿಯೂ, ಸೋಂಕಿನಲ್ಲಿಯೂ ಈ ಪ್ರಮಾಣ ಏರುತ್ತದೆ. ಗಡಿಗಿಂತ ಕಡಿಮೆಯಿರುವ ಕೆಲವರಲ್ಲಿ ಕ್ಯಾನ್ಸರ್ ಇರುವುದೂ ಉಂಟು. ಹೀಗಾಗಿ ರಕ್ತಪರೀಕ್ಷೆ ಸಂಶಯವನ್ನು ಹುಟ್ಟಿಸಬಲ್ಲದೇ ಹೊರತು ತೀರ್ಪನ್ನು ಕೊಡಲಾರದು. ಆ ಸಂಶಯವನ್ನು ಮುಂದಕ್ಕೆ ಒಯ್ಯುವುದು ಚಿತ್ರಣದ ಕೆಲಸ.

ಅಲ್ಟ್ರಾಸೌಂಡ್: ಮರುದನಿಯ ಚಿತ್ರ

ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬೆರಳಿನಿಂದ ಬಡಿದು ದನಿಯನ್ನು ಆಲಿಸುತ್ತಾರೆ. ಅಲ್ಟ್ರಾಸೌಂಡ್ ಯಂತ್ರದ ತತ್ವ ಇದಕ್ಕೆ ಸಮೀಪವಾದುದು. ಕಿವಿಗೆ ಕೇಳದ ಧ್ವನಿತರಂಗಗಳನ್ನು ದೇಹದೊಳಕ್ಕೆ ಕಳುಹಿಸಿ, ಹಿಂದಿರುಗಿದ ಮರುದನಿಯಿಂದ ಚಿತ್ರವನ್ನು ರಚಿಸಲಾಗುತ್ತದೆ. ಇದರಲ್ಲಿ ವಿಕಿರಣವಿಲ್ಲ, ವೆಚ್ಚವೂ ಕಡಿಮೆ. ತಾಲ್ಲೂಕು ಕೇಂದ್ರಗಳಲ್ಲಿ ಸುಲಭವಾಗಿ ದೊರಕುವ ಸ್ಕ್ಯಾನಿಂಗ್ ಎಂದರೆ ಇದೇ. ‘ಸ್ಕ್ಯಾನಿಂಗ್’ ಎಂಬ ಪದವು ಗ್ರಾಮೀಣ ಬಳಕೆಗೆ ಬಂದುದು ಬಹುಮಟ್ಟಿಗೆ ಗರ್ಭಿಣಿಯರ ಪರೀಕ್ಷೆಯ ಮೂಲಕ. ಮಗುವಿನ ಅಂಗಾಂಗಗಳನ್ನೆಲ್ಲ ತೋರಿಸುವ ಯಂತ್ರಕ್ಕೆ ಮುದುಕನ ಗ್ರಂಥಿಯಲ್ಲಿನ ರೋಗ ಕಾಣದೆಂದು ಒಪ್ಪಿಕೊಳ್ಳುವುದು ಕಠಿಣವಾಗುವುದು ಸಹಜ.

ಹೊಟ್ಟೆಯ ಮೇಲಿನಿಂದ ಮಾಡುವ ಈ ಪರೀಕ್ಷೆ ಗ್ರಂಥಿಯ ಗಾತ್ರವನ್ನು, ಮೂತ್ರ ವಿಸರ್ಜನೆಯ ನಂತರ ಕೋಶದಲ್ಲಿ ಉಳಿಯುವ ಮೂತ್ರದ ಪ್ರಮಾಣವನ್ನು, ಮೂತ್ರಪಿಂಡಗಳು ಊದಿವೆಯೇ ಎಂಬುದನ್ನು ಚೆನ್ನಾಗಿ ತಿಳಿಸುತ್ತದೆ. ಆದರೆ ಗ್ರಂಥಿಯೊಳಗಿನ ಕ್ಯಾನ್ಸರನ್ನು ಗುರುತಿಸಲು ಇದು ತಕ್ಕ ಸಾಧನವಲ್ಲ. ಮಧ್ಯೆ ಹೊಟ್ಟೆಯ ಗೋಡೆ ಮತ್ತು ಮೂತ್ರಕೋಶಗಳಿವೆ. ಕ್ಯಾನ್ಸರ್ ಹುಟ್ಟುವ ಹೊರವಲಯವೋ ಅತ್ಯಂತ ಹಿಂದೆ ಇದೆ.

ಎರಡನೆಯ ಬಗೆಯದು ಗುದನಾಳದ ಮೂಲಕ ಮಾಡುವ ಅಲ್ಟ್ರಾಸೌಂಡ್. ಜಪಾನಿನ ಹಿರೋಕಿ ವಾತಾನಾಬೆ 1960ರ ದಶಕದ ಕೊನೆಯಲ್ಲಿ ಇದನ್ನು ಚಿಕಿತ್ಸಾಲಯದ ಬಳಕೆಗೆ ತಂದರು. ಶೋಧಕವು ಗ್ರಂಥಿಗೆ ಅಂಟಿಕೊಂಡಂತಿರುವುದರಿಂದ ಚಿತ್ರ ಸ್ಪಷ್ಟವಾಗಿರುತ್ತದೆ. ಆದರೂ ಅನೇಕ ಕ್ಯಾನ್ಸರುಗಳ ಮರುದನಿ ಸುತ್ತಲಿನ ಆರೋಗ್ಯವಂತ ಅಂಗಾಂಶದ ಮರುದನಿಯಂತೆಯೇ ಇರುವುದರಿಂದ ಅವು ಬೇರೆಯಾಗಿ ಕಾಣುವುದಿಲ್ಲ. ಈ ಕಾರಣದಿಂದ ಗುದನಾಳದ ಅಲ್ಟ್ರಾಸೌಂಡ್ ಮುಖ್ಯವಾಗಿ ಸೂಜಿಗೆ ದಾರಿ ತೋರಿಸುವ ಸಾಧನವಾಗಿ ಬಳಕೆಯಾಯಿತು. 1989ರಲ್ಲಿ ಅಮೆರಿಕದ ಹಾಡ್ಜ್ ಮತ್ತು ಸಂಗಡಿಗರು ಗ್ರಂಥಿಯ ಆರು ಕಡೆಗಳಿಂದ ಕ್ರಮಬದ್ಧವಾಗಿ ಅಂಗಾಂಶದ ತುಣುಕು ತೆಗೆಯುವ ಪದ್ಧತಿಯನ್ನು ಪ್ರಕಟಿಸಿದರು. ಮುಂದೆ ತುಣುಕುಗಳ ಸಂಖ್ಯೆ ಹತ್ತು-ಹನ್ನೆರಡಕ್ಕೆ ಏರಿತು. ರೋಗವಿರುವ ಜಾಗ ಕಾಣದಿರುವುದರಿಂದ ಎಲ್ಲ ಕಡೆ ಚುಚ್ಚಿ ನೋಡುವ ಪದ್ಧತಿಯಿದು. ಇತ್ತೀಚೆಗೆ 29 ಮೆಗಾಹರ್ಟ್ಸ್ ಆವರ್ತನದ ಸೂಕ್ಷ್ಮ ಅಲ್ಟ್ರಾಸೌಂಡ್ ಬಂದಿದ್ದು, ಬಯಾಪ್ಸಿಗೆ ಗುರಿ ತೋರಿಸುವಲ್ಲಿ ಅದು ಎಂ.ಆರ್.ಐ.ಗಿಂತ ಹಿಂದುಳಿದಿಲ್ಲವೆಂದು 2025ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ತೋರಿಸಿದೆ.

ಸಿ.ಟಿ. ಮತ್ತು ಮೂಳೆ ಸ್ಕ್ಯಾನ್

1971ರಲ್ಲಿ ಮೊದಲ ರೋಗಿಯ ಮೇಲೆ ಪ್ರಯೋಗವಾದ ಸಿ.ಟಿ. ಸ್ಕ್ಯಾನ್ ಕ್ಷಕಿರಣಗಳಿಂದ ದೇಹದ ಅಡ್ಡಸೀಳಿಕೆಯ ಚಿತ್ರವನ್ನು ಕೊಡುತ್ತದೆ. ಅದು ಅಳೆಯುವುದು ಸಾಂದ್ರತೆಯನ್ನು. ಪ್ರಾಸ್ಟೇಟಿನ ಕ್ಯಾನ್ಸರ್ ಮತ್ತು ಅದರ ಆರೋಗ್ಯವಂತ ಅಂಗಾಂಶಗಳ ಸಾಂದ್ರತೆಯಲ್ಲಿ ಹೆಚ್ಚಿನ ಅಂತರವಿಲ್ಲ. ಆದ್ದರಿಂದ ಸಿ.ಟಿ. ದುಬಾರಿ ಯಂತ್ರವಾದರೂ ಗ್ರಂಥಿಯೊಳಗಿನ ಕ್ಯಾನ್ಸರನ್ನು ಕಂಡುಹಿಡಿಯಲು ಉಪಯುಕ್ತವಲ್ಲ. ದೊಡ್ಡದಾದ ದುಗ್ಧಗ್ರಂಥಿಗಳನ್ನು, ಬೇರೆ ಅಂಗಗಳಿಗೆ ಹರಡಿರುವುದನ್ನು ಅದು ತೋರಿಸಬಲ್ಲದು.

ಮೂಳೆ ಸ್ಕ್ಯಾನಿನಲ್ಲಿ ಟೆಕ್ನೀಷಿಯಂ ಎಂಬ ವಿಕಿರಣಶೀಲ ಧಾತುವನ್ನು ಮೂಳೆಗೆ ಅಂಟುವ ರಾಸಾಯನಿಕದೊಡನೆ ಸೇರಿಸಿ ರಕ್ತನಾಳಕ್ಕೆ ಚುಚ್ಚಲಾಗುತ್ತದೆ. ಮೂಳೆಯ ದುರಸ್ತಿ ಎಲ್ಲಿ ನಡೆಯುತ್ತಿದೆಯೋ ಅಲ್ಲಿ ಅದು ಸಂಗ್ರಹವಾಗುತ್ತದೆ. ಊರಿನಲ್ಲಿ ಯಾವ ಮನೆಯ ಮುಂದೆ ಮರಳು-ಇಟ್ಟಿಗೆಯ ರಾಶಿ ಬಿದ್ದಿದೆಯೋ ಆ ಮನೆಯಲ್ಲಿ ಕೆಲಸ ನಡೆಯುತ್ತಿದೆ ಎಂದು ಊಹಿಸುವ ಹಾಗೆ ಇದು ಕೆಲಸ ಮಾಡುತ್ತದೆ. ಆದರೆ ಆ ಕೆಲಸ ಏತಕ್ಕೆಂಬುದು ರಾಶಿಯನ್ನು ನೋಡಿದರೆ ತಿಳಿಯದು. ಹಳೆಯ ಮುರಿತ, ಕೀಲುಸವೆತಗಳೂ ಹೊಳೆಯುತ್ತವೆ. ಜೀವಮಾನವಿಡೀ ಹೊಲದಲ್ಲಿ ದುಡಿದ ದೇಹದಲ್ಲಿ ಇಂತಹ ಗುರುತುಗಳು ಇರುವುದು ಸಾಮಾನ್ಯವಾದುದರಿಂದ ಹೊಳೆಯುವ ಪ್ರತಿಯೊಂದು ಚುಕ್ಕೆಯನ್ನೂ ಕ್ಯಾನ್ಸರ್ ಎನ್ನಲಾಗದು. ಸಿ.ಟಿ. ಮತ್ತು ಮೂಳೆ ಸ್ಕ್ಯಾನ್ ಇವೆರಡೂ ಕ್ಯಾನ್ಸರ್ ಖಚಿತವಾದ ಮೇಲೆ ಅದು ಎಲ್ಲಿಗೆ ಹರಡಿದೆ ಎಂದು ಕೇಳುವ ವಿಧಾನಗಳು.

ಎಂ.ಆರ್.ಐ.: ನೀರಿನ ಚಲನೆ

ಎಂ.ಆರ್.ಐ. ಯಂತ್ರದಲ್ಲಿ ಪ್ರಬಲವಾದ ಅಯಸ್ಕಾಂತ ಮತ್ತು ರೇಡಿಯೋ ತರಂಗಗಳ ನೆರವಿನಿಂದ ದೇಹದ ನೀರಿನಲ್ಲಿರುವ ಜಲಜನಕದ ಕಣಗಳು ಹೊರಡಿಸುವ ಸಂಕೇತಗಳನ್ನು ಸಂಗ್ರಹಿಸಲಾಗುತ್ತದೆ. ಇಲ್ಲಿಯೂ ಕ್ಷಕಿರಣವಿಲ್ಲ. ಇದರ ಆವಿಷ್ಕಾರಕ್ಕಾಗಿ ಪಾಲ್ ಲಾಟರ್ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಪಾರಿತೋಷಕ ದೊರಕಿತು.

ಪ್ರಾಸ್ಟೇಟಿನ ಬಹುನಿಯತಾಂಕ ಎಂ.ಆರ್.ಐ.ಯಲ್ಲಿ ಮೂರು ಬಗೆಯ ಚಿತ್ರಗಳಿರುತ್ತವೆ. ಮೊದಲನೆಯದು ಗ್ರಂಥಿಯ ರಚನೆಯನ್ನು ತೋರಿಸುತ್ತದೆ. ಎರಡನೆಯದು ನೀರಿನ ಕಣಗಳು ಎಷ್ಟು ಸರಾಗವಾಗಿ ಚಲಿಸುತ್ತವೆ ಎಂಬುದನ್ನು ತೋರಿಸುತ್ತದೆ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ ತೇರಿನ ಸುತ್ತ ನೆರೆದ ಜನರ ನಡುವೆ ಹೆಜ್ಜೆಯಿಡುವುದು ಕಷ್ಟ. ಬಯಲಿನಲ್ಲಾದರೆ ನಡಿಗೆ ಸರಾಗ. ಕ್ಯಾನ್ಸರ್ ಕೋಶಗಳು ಒತ್ತೊತ್ತಾಗಿ ಬೆಳೆಯುವುದರಿಂದ ಅಲ್ಲಿ ನೀರಿನ ಚಲನೆಗೆ ತಡೆಯುಂಟಾಗುತ್ತದೆ. ಮೂರನೆಯ ಚಿತ್ರಕ್ಕಾಗಿ ರಕ್ತನಾಳಕ್ಕೆ ಗ್ಯಾಡೊಲಿನಿಯಂ ದ್ರವವನ್ನು ಕೊಟ್ಟು ರಕ್ತಸಂಚಾರವನ್ನು ಗಮನಿಸಲಾಗುತ್ತದೆ. ಇವುಗಳನ್ನೆಲ್ಲ ಓದಿ ಸಂಶಯದ ಮಟ್ಟವನ್ನು 1ರಿಂದ 5ರವರೆಗೆ ನಮೂದಿಸುವ ‘ಪೈ-ರ‍್ಯಾಡ್ಸ್’ ಎಂಬ ಅಂಕಪದ್ಧತಿ 2012ರಲ್ಲಿ ಯುರೋಪಿನಲ್ಲಿ ರೂಪುಗೊಂಡು 2015 ಮತ್ತು 2019ರಲ್ಲಿ ಪರಿಷ್ಕೃತವಾಯಿತು.

ಎಂ.ಆರ್.ಐ.ಯ ಸ್ಥಾನವನ್ನು ಬದಲಾಯಿಸಿದ ಅಧ್ಯಯನಗಳಲ್ಲಿ ಎರಡು ಮುಖ್ಯವಾದವು. ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ‘ಪ್ರಾಮಿಸ್’ ಅಧ್ಯಯನದಲ್ಲಿ 576 ಗಂಡಸರಿಗೆ ಎಂ.ಆರ್.ಐ., ರೂಢಿಯ ಗುದನಾಳದ ಬಯಾಪ್ಸಿ ಹಾಗೂ ಗ್ರಂಥಿಯನ್ನೆಲ್ಲ ದಟ್ಟವಾಗಿ ಶೋಧಿಸುವ ಆಧಾರ ಬಯಾಪ್ಸಿ ಮೂರನ್ನೂ ಮಾಡಲಾಯಿತು. ಅಪಾಯಕಾರಿ ಕ್ಯಾನ್ಸರ್ ಇದ್ದ ಪ್ರತಿ ನೂರು ಜನರಲ್ಲಿ ಎಂ.ಆರ್.ಐ. 93 ಜನರನ್ನು ಗುರುತಿಸಿದರೆ, ರೂಢಿಯ ಬಯಾಪ್ಸಿ ಗುರುತಿಸಿದ್ದು 48 ಜನರನ್ನು ಮಾತ್ರ. ಆದರೆ ಅಪಾಯಕಾರಿ ಕ್ಯಾನ್ಸರ್ ಇಲ್ಲದವರನ್ನು ‘ಇಲ್ಲ’ವೆಂದು ಸರಿಯಾಗಿ ಹೇಳುವಲ್ಲಿ ಎಂ.ಆರ್.ಐ. ನೂರಕ್ಕೆ 41, ಬಯಾಪ್ಸಿ ನೂರಕ್ಕೆ 96. ಎಂದರೆ ಎಂ.ಆರ್.ಐ. ರೋಗವನ್ನು ತಪ್ಪಿಸಿಕೊಳ್ಳಲು ಬಿಡುವುದು ಕಡಿಮೆ, ಆದರೆ ಸುಮ್ಮನೆ ಸಂಶಯಪಡುವುದು ಹೆಚ್ಚು. ಆದ್ದರಿಂದಲೇ ಅದು ಬಯಾಪ್ಸಿಗೆ ಬದಲಿಯಲ್ಲ, ಬಯಾಪ್ಸಿಗೆ ಮುನ್ನಿನ ಜರಡಿ.

2018ರ ‘ಪ್ರಿಸಿಷನ್’ ಅಧ್ಯಯನದಲ್ಲಿ 500 ಜನರನ್ನು ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಎಂ.ಆರ್.ಐ. ತೋರಿಸಿದ ಜಾಗದಿಂದ ಮಾತ್ರ ತುಣುಕು ತೆಗೆದ ಗುಂಪಿನಲ್ಲಿ ನೂರಕ್ಕೆ 38 ಜನರಲ್ಲಿ ಅಪಾಯಕಾರಿ ಕ್ಯಾನ್ಸರ್ ಪತ್ತೆಯಾದರೆ, ರೂಢಿಯ ಗುಂಪಿನಲ್ಲಿ 26 ಜನರಲ್ಲಿ ಪತ್ತೆಯಾಯಿತು. ಚಿಕಿತ್ಸೆ ಬೇಕಿಲ್ಲದ ಸೌಮ್ಯ ಕ್ಯಾನ್ಸರಿನ ಪತ್ತೆ ಅನುಕ್ರಮವಾಗಿ 9 ಮತ್ತು 22. ಎಂ.ಆರ್.ಐ. ಗುಂಪಿನ ನೂರಕ್ಕೆ 28 ಜನರಿಗೆ ಬಯಾಪ್ಸಿಯ ಅಗತ್ಯವೇ ಬೀಳಲಿಲ್ಲ. 2025ರಲ್ಲಿ ಪ್ರಕಟವಾದ ‘ಪ್ರೈಮ್’ ಅಧ್ಯಯನವು ಗ್ಯಾಡೊಲಿನಿಯಂ ಇಲ್ಲದೆ ಮೊದಲ ಎರಡು ಬಗೆಯ ಚಿತ್ರಗಳನ್ನಷ್ಟೇ ಬಳಸಿದರೂ ಅಪಾಯಕಾರಿ ಕ್ಯಾನ್ಸರಿನ ಪತ್ತೆ ಕುಂದುವುದಿಲ್ಲವೆಂದು 12 ದೇಶಗಳ 490 ರೋಗಿಗಳಲ್ಲಿ ತೋರಿಸಿತು. ಎರಡೂ ಕ್ರಮಗಳಲ್ಲಿ ಅದರ ಪ್ರಮಾಣ ನೂರಕ್ಕೆ 29ರ ಆಸುಪಾಸಿನಲ್ಲಿತ್ತು. ಚುಚ್ಚುಮದ್ದು ಬೇಡವಾದರೆ ಸಮಯ ಮತ್ತು ವೆಚ್ಚ ಎರಡೂ ಇಳಿಯುತ್ತವೆ. ಯಂತ್ರದ ವೇಳೆ ಅಮೂಲ್ಯವಾಗಿರುವ ಜಿಲ್ಲಾ ಕೇಂದ್ರಗಳಿಗೆ ಈ ಫಲಿತಾಂಶ ವಿಶೇಷ ಮಹತ್ವದ್ದು. ಆದರೆ ಚಿತ್ರದ ಗುಣಮಟ್ಟ ಮತ್ತು ಓದುವ ವೈದ್ಯರ ಅನುಭವ ಇವೆರಡೂ ಸರಿಯಿದ್ದಾಗ ಮಾತ್ರ ಈ ಅಂಕಿಗಳು ಅನ್ವಯಿಸುತ್ತವೆ.

ಪಿ.ಎಸ್.ಎಂ.ಎ. ಪೆಟ್ ಸ್ಕ್ಯಾನ್

ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳ ಹೊರಪದರದಲ್ಲಿ ಪಿ.ಎಸ್.ಎಂ.ಎ. ಎಂಬ ಪ್ರೋಟೀನ್ ಸಾಮಾನ್ಯವಾಗಿ ಹೇರಳವಾಗಿರುತ್ತದೆ. ಅದಕ್ಕೆ ಅಂಟುವ ಅಣುವಿಗೆ ಗ್ಯಾಲಿಯಂ-68 ಅಥವಾ ಫ್ಲೋರಿನ್-18 ಎಂಬ ವಿಕಿರಣಶೀಲ ಧಾತುವನ್ನು ಜೋಡಿಸಿ ದೇಹಕ್ಕೆ ಕೊಟ್ಟರೆ ಕ್ಯಾನ್ಸರ್ ಇರುವ ತಾಣಗಳು ಹೊಳೆಯುತ್ತವೆ. ಲಾಲಾಗ್ರಂಥಿ, ಮೂತ್ರಪಿಂಡ, ಸಣ್ಣಕರುಳುಗಳು ಸಹಜವಾಗಿಯೇ ಹೊಳೆಯುತ್ತವೆ. ಈ ಪ್ರೋಟೀನ್ ಕಡಿಮೆಯಿರುವ ಕೆಲವು ಕ್ಯಾನ್ಸರುಗಳು ಹೊಳೆಯುವುದಿಲ್ಲ.

ಆಸ್ಟ್ರೇಲಿಯದಲ್ಲಿ 302 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆಚ್ಚು ಅಪಾಯದ ಕ್ಯಾನ್ಸರ್ ಹರಡಿರುವುದನ್ನು ಗುರುತಿಸುವಲ್ಲಿ ಈ ವಿಧಾನದ ನಿಖರತೆ ನೂರಕ್ಕೆ 92 ಆಗಿತ್ತು. ಸಿ.ಟಿ. ಮತ್ತು ಮೂಳೆ ಸ್ಕ್ಯಾನ್ ಎರಡನ್ನೂ ಸೇರಿಸಿದರೂ ಅದು 65 ಮಾತ್ರ. ದೇಹಕ್ಕೆ ತಗಲುವ ವಿಕಿರಣವೂ ಪೆಟ್ ವಿಧಾನದಲ್ಲಿ ಕಡಿಮೆಯಿತ್ತು. ಈ ವಿಧಾನ ಪ್ರಧಾನವಾಗಿ ಹರಡುವಿಕೆಯನ್ನು ಅಳೆಯಲು ಮತ್ತು ಚಿಕಿತ್ಸೆಯ ನಂತರ ಮರುಕಳಿಸಿದ ರೋಗವನ್ನು ಹುಡುಕಲು ಬಳಕೆಯಾಗುತ್ತದೆ.

ತುಲನೆ: ಯಾವ ಪ್ರಶ್ನೆಗೆ ಯಾವ ಉತ್ತರ

ಮೇಲಿನ ವಿವರಣೆಯಿಂದ ಈ ವಿಧಾನಗಳು ಒಂದೇ ಏಣಿಯ ಮೆಟ್ಟಿಲುಗಳಲ್ಲವೆಂಬುದು ಸ್ಪಷ್ಟವಾಗುತ್ತದೆ. ಹೆಚ್ಚು ಹಣದ ಸ್ಕ್ಯಾನ್ ಹೆಚ್ಚು ಕಾಣುತ್ತದೆ ಎಂಬ ಸಾಮಾನ್ಯ ತಿಳಿವಳಿಕೆ ಇಲ್ಲಿ ಅನ್ವಯಿಸದು. ಗ್ರಂಥಿ ಎಷ್ಟು ದೊಡ್ಡದು, ಮೂತ್ರ ಎಷ್ಟು ಉಳಿಯುತ್ತದೆ ಎಂಬ ಪ್ರಶ್ನೆಗೆ ಹೊಟ್ಟೆಯ ಅಲ್ಟ್ರಾಸೌಂಡ್ ಉತ್ತರಿಸುತ್ತದೆ. ಗ್ರಂಥಿಯೊಳಗೆ ಸಂಶಯದ ಜಾಗವಿದೆಯೇ ಎಂಬುದಕ್ಕೆ ಎಂ.ಆರ್.ಐ.; ಸೂಜಿಯನ್ನು ಅಲ್ಲಿಗೆ ಒಯ್ಯುವುದು ಹೇಗೆಂಬುದಕ್ಕೆ ಗುದನಾಳದ ಅಲ್ಟ್ರಾಸೌಂಡ್; ಹೊರಗೆ ಹರಡಿದೆಯೇ ಎಂಬುದಕ್ಕೆ ಪಿ.ಎಸ್.ಎಂ.ಎ. ಪೆಟ್, ಅದು ಸಿಗದೆಡೆ ಸಿ.ಟಿ. ಮತ್ತು ಮೂಳೆ ಸ್ಕ್ಯಾನ್. ಕ್ಯಾನ್ಸರ್ ಹೌದೋ ಅಲ್ಲವೋ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಇತ್ಯರ್ಥಗೊಳಿಸುವುದು ಇವುಗಳಲ್ಲಿ ಯಾವುದೂ ಅಲ್ಲ, ಸೂಕ್ಷ್ಮದರ್ಶಕದ ಕೆಳಗಿನ ಅಂಗಾಂಶದ ತುಣುಕು.

ವರದಿಗಳ ಭಾಷೆಯೂ ಗೊಂದಲಕ್ಕೆ ಕಾರಣವಾಗಿದೆ. ಹೊಟ್ಟೆಯ ಅಲ್ಟ್ರಾಸೌಂಡ್ ವರದಿಗಳಲ್ಲಿ ‘ಗ್ರೇಡ್ 1’, ‘ಗ್ರೇಡ್ 2’ ಪ್ರಾಸ್ಟೆಟೋಮೆಗಲಿ ಎಂಬ ನಮೂದು ಸಾಮಾನ್ಯವಾಗಿರುತ್ತದೆ. ಇದು ಗಾತ್ರದ ಶ್ರೇಣಿ ಮಾತ್ರ. ಪೈ-ರ‍್ಯಾಡ್ಸಿನ 1ರಿಂದ 5 ಸಂಶಯದ ಶ್ರೇಣಿ. ಬಯಾಪ್ಸಿಯಲ್ಲಿ ಬರುವ ಗ್ಲೀಸನ್ ಅಂಕ ಮತ್ತು ಗ್ರೇಡ್ ಗುಂಪು ಕ್ಯಾನ್ಸರಿನ ಉಗ್ರತೆಯ ಶ್ರೇಣಿ. ‘ಸ್ಟೇಜ್’ ಎಂಬುದು ಹರಡುವಿಕೆಯ ಶ್ರೇಣಿ. ನಾಲ್ಕೂ ಅಂಕಿಗಳೇ ಆದುದರಿಂದ ಗ್ರೇಡ್ 2ರ ಊತವನ್ನು ಎರಡನೆಯ ಹಂತದ ಕ್ಯಾನ್ಸರ್ ಎಂದು ತಿಳಿದು ಎದೆಗುಂದುವುದಕ್ಕೂ, ಗ್ರೇಡ್ 1 ಎಂದುದರಿಂದ ಕ್ಯಾನ್ಸರ್ ಇಲ್ಲವೆಂದು ನಿಶ್ಚಿಂತರಾಗುವುದಕ್ಕೂ ಅವಕಾಶವಿದೆ. ಎರಡೂ ತಪ್ಪು.

ಹೆಚ್ಚು ಕಾಣುವುದೆಲ್ಲ ಒಳಿತೆಂದೂ ಹೇಳಲಾಗದು. ಇಳಿವಯಸ್ಸಿನ ಅನೇಕ ಗಂಡಸರಲ್ಲಿ ಜೀವಮಾನದಲ್ಲಿ ಎಂದೂ ಬಾಧಿಸದ ಸಣ್ಣ ಕ್ಯಾನ್ಸರುಗಳಿರುತ್ತವೆ. ಬ್ರಿಟನ್ನಿನ ‘ಪ್ರೊಟೆಕ್ಟ್’ ಅಧ್ಯಯನದಲ್ಲಿ ಗ್ರಂಥಿಗೆ ಸೀಮಿತವಾದ ಕ್ಯಾನ್ಸರ್ ಇದ್ದ 1643 ಗಂಡಸರನ್ನು ಸುಮಾರು 15 ವರ್ಷಗಳ ಕಾಲ ಗಮನಿಸಲಾಯಿತು. ಶಸ್ತ್ರಚಿಕಿತ್ಸೆ, ವಿಕಿರಣ, ಬರಿಯ ನಿಗಾ ಈ ಮೂರರಲ್ಲಿ ಯಾವುದನ್ನು ಅನುಸರಿಸಿದರೂ ಆ ಕ್ಯಾನ್ಸರಿನಿಂದ ಸತ್ತವರ ಪ್ರಮಾಣ ನೂರಕ್ಕೆ 3ರ ಆಸುಪಾಸಿನಲ್ಲಿಯೇ ಇತ್ತೆಂದು 2023ರಲ್ಲಿ ಪ್ರಕಟವಾಯಿತು. ಅಪಾಯಕಾರಿಯಾದುದನ್ನು ಹೆಕ್ಕಿ ತೋರಿಸುವುದರ ಜೊತೆಗೆ ನಿರುಪದ್ರವಿಯಾದುದನ್ನು ಕೆದಕದಿರುವುದೂ ಉತ್ತಮ ವಿಧಾನದ ಲಕ್ಷಣ. ಎಂ.ಆರ್.ಐ.ಯ ನಿಜವಾದ ಮೇಲ್ಮೆ ಇರುವುದು ಇಲ್ಲಿ.

ಪರಿಸರದ ಸನ್ನಿವೇಶ

ಬಸವಕಲ್ಯಾಣ, ಹುಮನಾಬಾದ್ ಹಾಗೂ ಅವುಗಳಿಂದ ಬೇರ್ಪಟ್ಟು ರೂಪುಗೊಂಡ ಹುಲಸೂರು, ಚಿಟಗುಪ್ಪ ತಾಲ್ಲೂಕುಗಳ ರೋಗಿಗಳು ಹೆಚ್ಚಿನ ಪರೀಕ್ಷೆಗಾಗಿ ಬೀದರ, ಕಲಬುರಗಿ, ಸೊಲ್ಲಾಪುರ, ಹೈದರಾಬಾದುಗಳತ್ತ ಮುಖಮಾಡುತ್ತಾರೆ. ಪುಣೆ-ಹೈದರಾಬಾದ್ ಹೆದ್ದಾರಿ ಹುಮನಾಬಾದನ್ನು ಹಾದುಹೋಗುತ್ತದೆ. 2017ರ ಅಕ್ಟೋಬರಿನಲ್ಲಿ ಬೀದರ-ಕಲಬುರಗಿ ರೈಲುಮಾರ್ಗ ಉದ್ಘಾಟನೆಗೊಂಡ ಮೇಲೆ ಕಲಬುರಗಿ ಇನ್ನಷ್ಟು ಸಮೀಪವಾಗಿದೆ. 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಕಲಬುರಗಿಯಲ್ಲಿದೆ.

ದೂರದ ಅರ್ಥ ಕೆಲವು ವಿಧಾನಗಳಲ್ಲಿ ಅಕ್ಷರಶಃ ಭೌತವಿಜ್ಞಾನದ್ದು. ಗ್ಯಾಲಿಯಂ-68ರ ಅರ್ಧಾಯುಷ್ಯ 68 ನಿಮಿಷ. ಹೈದರಾಬಾದಿನಿಂದ ಹುಮನಾಬಾದಿಗೆ ರಸ್ತೆಯಲ್ಲಿ ಮೂರು ಗಂಟೆ ಹಿಡಿದರೆ ಹೊರಟ ಪ್ರಮಾಣದ ಆರನೆಯ ಒಂದು ಭಾಗದಷ್ಟು ಮಾತ್ರ ಉಳಿಯುತ್ತದೆ. 110 ನಿಮಿಷಗಳ ಅರ್ಧಾಯುಷ್ಯವುಳ್ಳ ಫ್ಲೋರಿನ್-18 ಮೂರನೆಯ ಒಂದು ಭಾಗ ಉಳಿಯುತ್ತದೆ. ಮೂಳೆ ಸ್ಕ್ಯಾನಿನ ಟೆಕ್ನೀಷಿಯಂ ಆರು ಗಂಟೆಗಳ ಅರ್ಧಾಯುಷ್ಯದ್ದಾದುದರಿಂದ ಸಣ್ಣ ನಗರಗಳಿಗೂ ಒಗ್ಗುತ್ತದೆ. ಪೆಟ್ ಯಂತ್ರದ ಬಳಿಗೆ ರೋಗಿಯೇ ಹೋಗಬೇಕಾಗಿರುವುದಕ್ಕೆ ಇದೂ ಒಂದು ಕಾರಣ.

2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ರಾಜ್ಯ ಸರ್ಕಾರ ಮೊದಲು ಜಾರಿಗೊಳಿಸಿದ್ದು ಆಗಿನ ಗುಲಬರ್ಗಾ ವಿಭಾಗದಲ್ಲಿಯೇ. ಬಡತನ ರೇಖೆಗಿಂತ ಕೆಳಗಿನವರಿಗೆ ಕ್ಯಾನ್ಸರ್ ಚಿಕಿತ್ಸೆಯೂ ಅದರಲ್ಲಿ ಸೇರಿತ್ತು. 2018ರ ನಂತರ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಆ ಸ್ಥಾನವನ್ನು ಪಡೆದಿದೆ. ಇಂತಹ ಯೋಜನೆಗಳ ನೆರವು ರೋಗ ಖಚಿತವಾದವರಿಗೆ ಹೆಚ್ಚು. ರೋಗ ಇದೆಯೋ ಇಲ್ಲವೋ ಎಂದು ತಿಳಿಯುವವರೆಗಿನ ಓಡಾಟ, ಜೊತೆಗೆ ಬರುವವರ ಕೂಲಿನಷ್ಟಗಳು ಕುಟುಂಬದ ಪಾಲಿಗೇ ಉಳಿಯುತ್ತವೆ. ತಪ್ಪು ಸ್ಕ್ಯಾನಿಗೆ ತೆತ್ತ ಹಣ ಸರಿಯಾದ ಸ್ಕ್ಯಾನಿಗೆ ಇಲ್ಲದಂತಾಗುವ ಅಪಾಯ ಇಲ್ಲಿದೆ.

ಸಾಂಸ್ಕೃತಿಕವಾದ ಇನ್ನೊಂದು ಅಂಶ ಗಮನಾರ್ಹವಾಗಿದೆ. ಎಂ.ಆರ್.ಐ. ಕೋಣೆಯೊಳಗೆ ಲೋಹದ ವಸ್ತುಗಳನ್ನು ಒಯ್ಯುವಂತಿಲ್ಲ. ಈ ಭಾಗದ ಹಿರಿಯರ ಮೈಮೇಲೆ ಬೆಳ್ಳಿಯ ಉಡಿದಾರ, ದರ್ಗಾದಿಂದ ತಂದ ತಾಯಿತ, ಬೆಳ್ಳಿಯ ಕರಡಿಗೆಯಲ್ಲಿನ ಇಷ್ಟಲಿಂಗ ಇರುವುದು ಸಾಮಾನ್ಯ. ಅಂಗದಿಂದ ಲಿಂಗ ಅಗಲಬಾರದೆಂಬ ನಿಷ್ಠೆಯುಳ್ಳ ವೃದ್ಧರಿಗೆ ಯಂತ್ರದ ಬಾಗಿಲಲ್ಲಿ ಏಕಾಏಕಿ ‘ತೆಗೆಯಿರಿ’ ಎಂಬ ಆಜ್ಞೆ ಕೇಳಿಬಂದರೆ ಅದು ಪರೀಕ್ಷೆಯ ನಿರಾಕರಣೆಗೂ ಕಾರಣವಾಗಬಲ್ಲದು. ಕಾರಣವನ್ನು ಮುಂಚಿತವಾಗಿ ಮನೆಯಲ್ಲಿಯೇ ತಿಳಿಸಿ, ಅಷ್ಟು ಹೊತ್ತು ಅದನ್ನು ಮಡಿವಸ್ತ್ರದಲ್ಲಿ ಮನೆಯವರ ಕೈಗೊಪ್ಪಿಸುವ ವ್ಯವಸ್ಥೆ ಮಾಡಿದರೆ ನಿಷ್ಠೆಗೂ ಪರೀಕ್ಷೆಗೂ ವಿರೋಧ ಬರಬೇಕಾಗಿಲ್ಲ. ಗುದದ್ವಾರದ ಪರೀಕ್ಷೆಯ ಸಂಕೋಚಕ್ಕೂ ಈ ಮಾತು ಸಲ್ಲುತ್ತದೆ.

ಸಮಾರೋಪ

ಮಾತಿನಿಂದ ರೋಗದ ಗತಿ ಬದಲಾಗಬಲ್ಲುದೇ ಎಂಬ ಪ್ರಶ್ನೆಗೆ ನೆರೆಯ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಉತ್ತರವಿದೆ. ಭಾರತದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ 1987ರಲ್ಲಿ ಅಲ್ಲಿ ಆರಂಭವಾಯಿತು. ನೋಂದಣಿಯ ಸಿಬ್ಬಂದಿ ಹಳ್ಳಿಹಳ್ಳಿಗೆ ಹೋಗಿ ಜನರೊಡನೆ ಕುಳಿತು ರೋಗಲಕ್ಷಣಗಳನ್ನು ವಿವರಿಸುತ್ತಿದ್ದರು. ಇದರ ಫಲವಾಗಿ ಗರ್ಭಕೊರಳಿನ ಕ್ಯಾನ್ಸರಿನ ರೋಗಿಗಳು ಮೊದಲಿಗಿಂತ ಮುಂಚಿನ ಹಂತದಲ್ಲಿಯೇ ಆಸ್ಪತ್ರೆಗೆ ಬರತೊಡಗಿದುದು 1990ರ ದಶಕದ ವರದಿಗಳಲ್ಲಿ ದಾಖಲಾಯಿತು. ಹೊಸ ಯಂತ್ರದಿಂದಲ್ಲ, ಮಾತಿನಿಂದ ಆದ ಬದಲಾವಣೆಯಿದು. ಅದೇ ನೋಂದಣಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಪ್ರಮಾಣ ಬೆಂಗಳೂರು, ದೆಹಲಿಗಳ ನೋಂದಣಿಗಳಿಗಿಂತ ಕಡಿಮೆಯಿದೆ. ಇದರಲ್ಲಿ ರೋಗವೇ ಕಡಿಮೆಯಿರುವುದರ ಪಾಲು ಇರಬಹುದಾದರೂ, ಹುಡುಕದಿರುವುದರ ಪಾಲನ್ನು ಅಲ್ಲಗಳೆಯಲಾಗದು.

ಬಸವಕಲ್ಯಾಣ-ಹುಮನಾಬಾದ್ ಪರಿಸರಕ್ಕೆ ತುರ್ತಾಗಿ ಬೇಕಾಗಿರುವುದು ‘ಸ್ಕ್ಯಾನಿಂಗ್’ ಎಂಬ ಒಂದೇ ಪದವನ್ನು ಬಿಡಿಸಿ ಹೇಳುವ ಮಾತು. ಗಾತ್ರ ನೋಡುವ ಸ್ಕ್ಯಾನ್, ಒಳಗಂಟು ನೋಡುವ ಸ್ಕ್ಯಾನ್, ಹರಡಿದ್ದು ನೋಡುವ ಸ್ಕ್ಯಾನ್ ಎಂದು ಕೆಲಸದ ಮೇಲೆ ಹೆಸರಿಟ್ಟರೆ ಓದುಬರಹ ಬಾರದವರಿಗೂ ತಿಳಿಯುತ್ತದೆ. ವರದಿ ಹಿಡಿದು ಬಂದ ಮಗನು ತಂದೆಗೆ ‘ಏನೂ ಇಲ್ಲ’ ಎಂದು ಹೇಳುವ ಮೊದಲು ‘ಇದು ಏನನ್ನು ನೋಡುವ ಸ್ಕ್ಯಾನು?’ ಎಂದು ವೈದ್ಯರನ್ನು ಕೇಳುವಂತಾಗಬೇಕು. ದನಕರುಗಳ ರೋಗವನ್ನು ಸಹ ಕನ್ನಡದಲ್ಲಿ ಬಿಡಿಸಿ ಹೇಳಿದ ಚಾಲುಕ್ಯರ ನೆಲದಲ್ಲಿ ಈ ಒಂದು ಪ್ರಶ್ನೆಯನ್ನು ಜನರ ಬಾಯಿಗೆ ತರುವುದು ಅಸಾಧ್ಯವಾದ ಕೆಲಸವೇನಲ್ಲ.